ಸುಟ್ಟುಹೋಗದ ಪೊದೆ



ವಿಭೂತಿ ಬುಧವಾರ ಕಳೆದು ಶಿಲುಬೆ ಹಾದಿಯ ಶುಕ್ರವಾರಗಳು ಬರುವ ಹೊತ್ತಿಗೆ ನಮ್ಮ ನಾಡಿನ ಗುಡ್ಡಗಳು ಹೇಗಿರುತ್ತವೆ ಎಂಬುದನ್ನು ಬಸ್ಸಿನ ಕಿಟಕಿಯಿಂದಲಾದರೂ ನೀವೆಲ್ಲ ನೋಡಿರುತ್ತೀರಿ. ಹುಲ್ಲು ಬೆಳ್ಳಗೆ ಒಣಗಿರುತ್ತದೆ. ಕೆಲವು ಕಡೆ ಯಾರೋ ಹಚ್ಚಿದ ಬೆಂಕಿ ಹಬ್ಬಿ ನೆಲವೆಲ್ಲ ಕಪ್ಪಾಗಿರುತ್ತದೆ. ಹಳ್ಳದಲ್ಲಿ ನೀರಿಲ್ಲ. ಅಂಥ ಗುಡ್ಡದ ಇಳಿಜಾರಿನಲ್ಲಿ, ಬಂಡೆಗಳ ಸಂದಿನಲ್ಲಿ, ಆಳೆತ್ತರದ ಒಂದು ಪೊದೆ ಕೆಂಪಗೆ ಹೂವಾಗಿ ನಿಂತಿರುತ್ತದೆ. ಅದರ ಹೆಸರು ಧಾತಕಿ. ಹೂವಿನ ಬಣ್ಣ ತಾಮ್ರದಂತೆ ಹೊಳೆಯುವುದರಿಂದ ತಾಮ್ರಪುಷ್ಪಿ ಎಂದೂ ಕರೆಯುತ್ತಾರೆ. ಮರಾಠಿ ಮಾತಾಡುವವರ ಬಾಯಲ್ಲಿ ಅದೇ ಧಾಯಟಿ.

ಇದು ಹೊರದೇಶದಿಂದ ತಂದು ತೋಟದಲ್ಲಿ ನೆಟ್ಟ ಗಿಡವಲ್ಲ, ನಮ್ಮ ನೆಲದ್ದೇ. ಹಿಮಾಲಯದ ತಪ್ಪಲಿನಿಂದ ಹಿಡಿದು ದಕ್ಷಿಣದ ಒಣ ಬೆಟ್ಟಗಳವರೆಗೆ, ಸುಮಾರು 1,500 ಮೀಟರ್ ಎತ್ತರದವರೆಗೂ ತಾನಾಗಿ ಬೆಳೆಯುತ್ತದೆ. ಎತ್ತರ ಹೆಚ್ಚೆಂದರೆ ಒಂದು ಮೂರು ಮೀಟರ್. ಉದ್ದನೆಯ ಬಾಗಿದ ಕೊಂಬೆಗಳು. ತೊಗಟೆ ತೆಳುವಾದ ಕಾಗದದಂತೆ ಸುಲಿದು ಬರುತ್ತದೆ. ಜನವರಿ ಫೆಬ್ರವರಿಯಲ್ಲಿ ಹೂ ಬಿಡಲು ತೊಡಗಿದರೆ ಏಪ್ರಿಲ್ ತನಕ, ಅಂದರೆ ಹೆಚ್ಚುಕಡಿಮೆ ನಮ್ಮ ಇಡೀ ತಪಸ್ಸುಕಾಲದಲ್ಲಿ, ಕೊಂಬೆಯ ಉದ್ದಕ್ಕೂ ಗೊಂಚಲು ಗೊಂಚಲಾಗಿ ಹೂವಿರುತ್ತದೆ. ಸೂರಕ್ಕಿಗಳೂ ಜೇನುಹುಳುಗಳೂ ಬೆಳಗಿನಿಂದಲೇ ಅಲ್ಲಿ ಹಾಜರು. ದನಕರುಗಳಿಗೆ ಮೇವಿಲ್ಲದ ಆ ದಿನಗಳಲ್ಲಿ ಈ ಸಣ್ಣ ಜೀವಿಗಳಿಗೆ ಮಾತ್ರ ಊಟ ಸಿದ್ಧವಾಗಿರುತ್ತದೆ.

ಆಯುರ್ವೇದದ ಹಳೆಯ ಗ್ರಂಥಗಳು ಇದಕ್ಕೆ ಕೊಟ್ಟಿರುವ ಹೆಸರುಗಳಲ್ಲಿ ಎರಡು ನನಗೆ ಬಹಳ ಇಷ್ಟ. ಒಂದು ‘ವಹ್ನಿಜ್ವಾಲಾ’. ಅಂದರೆ ಬೆಂಕಿಯ ನಾಲಿಗೆ. ದೂರದಿಂದ ನೋಡಿದವರಿಗೆ ಪೊದೆಗೆ ಬೆಂಕಿ ಹತ್ತಿದೆಯೇನೋ ಎನಿಸುವುದು ಸಹಜ. ಇನ್ನೊಂದು ‘ಸುಭಿಕ್ಷಾ’. ದುರ್ಭಿಕ್ಷದ ನೆಲದಲ್ಲಿ ಬೆಳೆಯುವ ಗಿಡಕ್ಕೆ ಸುಭಿಕ್ಷೆ ಎಂಬ ಹೆಸರನ್ನು ಯಾರು ಇಟ್ಟರೋ, ಅವರು ಕಣ್ಣು ತೆರೆದು ನೋಡಿದವರೇ ಇರಬೇಕು.

ಬೆಂಕಿ ಹತ್ತಿದಂತೆ ಕಂಡರೂ ಸುಟ್ಟುಹೋಗದ ಪೊದೆ ಎಂದ ಕೂಡಲೇ ನಿಮಗೆಲ್ಲ ಮೋಶೆಯ ನೆನಪಾಗಿರಬೇಕು. ಮೂರು ವರ್ಷಕ್ಕೊಮ್ಮೆ, ‘ಸಿ’ ವರ್ಷದ ತಪಸ್ಸುಕಾಲದ ಮೂರನೆಯ ಭಾನುವಾರ, ವಿಮೋಚನಕಾಂಡದ ಮೂರನೆಯ ಅಧ್ಯಾಯವನ್ನು ನಾವು ಮೊದಲನೆಯ ವಾಚನವಾಗಿ ಕೇಳುತ್ತೇವೆ. 2025ರಲ್ಲಿ ಕೇಳಿದೆವು. 2028ರಲ್ಲಿ ಮತ್ತೆ ಕೇಳಲಿದ್ದೇವೆ. ಅದೇ ಭಾನುವಾರದ ಶುಭಸಂದೇಶ ಸಂತ ಲೂಕರ ಹದಿಮೂರನೆಯ ಅಧ್ಯಾಯದಿಂದ. ಮೂರು ವರ್ಷ ಹಣ್ಣು ಬಿಡದ ಅಂಜೂರದ ಮರದ ಸಾಮತಿ. ಒಂದು ಹೂವಿಲ್ಲದ ಕಾಡಿನಲ್ಲಿ ಉರಿದ ಪೊದೆ, ಇನ್ನೊಂದು ಒಳ್ಳೆಯ ತೋಟದಲ್ಲಿ ಬರಡಾದ ಮರ. ಧರ್ಮಸಭೆ ಇವೆರಡನ್ನೂ ಒಂದೇ ದಿನ ನಮ್ಮ ಮುಂದೆ ಇಟ್ಟಿರುವುದರಲ್ಲಿ ಅರ್ಥವಿದೆ. ಅಂಜೂರದ ಮಾತಿಗೆ ಆಮೇಲೆ ಬರೋಣ.

ಮೋಶೆ ಕಂಡ ಪೊದೆ ನಮ್ಮ ಧಾತಕಿಯೇ ಎಂದು ನಾನು ಹೇಳುತ್ತಿಲ್ಲ. ಹೀಬ್ರೂ ಮೂಲದಲ್ಲಿ ಅಲ್ಲಿರುವ ಪದ ‘ಸೆನೆ’. ಇಡೀ ಹಳೆಯ ಒಡಂಬಡಿಕೆಯಲ್ಲಿ ಈ ಪ್ರಸಂಗವನ್ನು ಬಿಟ್ಟರೆ ಧರ್ಮೋಪದೇಶಕಾಂಡದ ಮೂವತ್ತಮೂರನೆಯ ಅಧ್ಯಾಯದಲ್ಲಿ ಮಾತ್ರ ಆ ಪದ ಬರುತ್ತದೆ. ಅಲ್ಲಿಯೂ ಇದೇ ಪೊದೆಯ ನೆನಪಿಗಾಗಿ. ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ನನ ಕಾಲದಲ್ಲಿ ಕಟ್ಟಿದ ಸಿನಾಯಿಯ ಸಂತ ಕ್ಯಾಥರೀನರ ಮಠದಲ್ಲಿ, ಪ್ರಾರ್ಥನಾಲಯದ ಹಿಂಬದಿ ಗೋಡೆಯ ಪಕ್ಕದಲ್ಲಿ, ಇಂದಿಗೂ ಒಂದು ಮುಳ್ಳುಪೊದೆಯನ್ನು ಯಾತ್ರಿಕರಿಗೆ ತೋರಿಸುತ್ತಾರೆ. ಅದು ಬೇರೆ ಜಾತಿಯದು. ಆದರೆ ಧಾತಕಿಗೂ ಬೈಬಲಿಗೂ ನಂಟೇ ಇಲ್ಲ ಎನ್ನುವಂತಿಲ್ಲ. ದಾಳಿಂಬೆ ಮತ್ತು ಮದರಂಗಿ ಇದೇ ಸಸ್ಯಕುಟುಂಬದ ಸೋದರಿಯರು ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಮಹಾಯಾಜಕ ಆರೋನನ ನಿಲುವಂಗಿಯ ಅಂಚಿನಲ್ಲಿ ಚಿನ್ನದ ಗೆಜ್ಜೆಗಳ ನಡುವೆ ತೂಗಿದ್ದು ದಾಳಿಂಬೆಯ ಆಕಾರದ ಕುಚ್ಚುಗಳು. ಪರಮಗೀತೆಯಲ್ಲಿ ವಧು ತನ್ನ ನಲ್ಲನನ್ನು ಹೋಲಿಸುವುದು ಮದರಂಗಿಯ ಹೂಗೊಂಚಲಿಗೆ.

ಇನ್ನು ಆ ದಿನ ಪೊದೆಯ ಮುಂದೆ ನಿಂತ ಮನುಷ್ಯನ ಸ್ಥಿತಿಯನ್ನು ಸ್ವಲ್ಪ ನೋಡೋಣ. ಅರಮನೆಯಲ್ಲಿ ಬೆಳೆದವನು. ಕೋಪದಲ್ಲಿ ಕೊಲೆ ಮಾಡಿ ಓಡಿಬಂದವನು. ಪ್ರೇಷಿತರ ಕಾರ್ಯಕಲಾಪಗಳು ಏಳನೆಯ ಅಧ್ಯಾಯದಲ್ಲಿ ಸಂತ ಸ್ತೆಫನರು ಹೇಳುವಂತೆ, ಆಗ ನಲವತ್ತು ವರ್ಷ ಕಳೆದಿದ್ದವು. ನಲವತ್ತು ವರ್ಷದ ಮೇಲೂ ಅವನು ಕಾಯುತ್ತಿದ್ದುದು ಸ್ವಂತ ಮಂದೆಯನ್ನಲ್ಲ, ಮಾವನ ಕುರಿಗಳನ್ನು. ಹಿರಿಯ ಮಗನಿಗೆ ಇಟ್ಟ ಹೆಸರು ಗೇರ್ಷೋಮ್. ಪರದೇಶದಲ್ಲಿ ನಾನು ಅನ್ಯನಾಗಿದ್ದೇನೆ ಎಂಬ ನೋವನ್ನೇ ಮಗುವಿನ ಹೆಸರಾಗಿ ಇಟ್ಟುಬಿಟ್ಟಿದ್ದ. ದಿನಕ್ಕೆ ಹತ್ತು ಸಲ ಮಗುವನ್ನು ಕರೆಯುವಾಗಲೂ ಆ ನೋವು ಆ ಮನೆಯಲ್ಲಿ ಕೇಳಿಸುತ್ತಿತ್ತು. ವಯಸ್ಸು ಎಂಬತ್ತರ ಹತ್ತಿರ. ದೇವರು ತನ್ನನ್ನು ಮರೆತರು ಎಂದುಕೊಳ್ಳಲು ಇದಕ್ಕಿಂತ ಹೆಚ್ಚಿನ ಕಾರಣ ಯಾರಿಗೆ ಬೇಕು?

ಸರ್ವೇಶ್ವರಸ್ವಾಮಿ ಅವನಿಗೆ ಕಾಣಿಸಿಕೊಂಡದ್ದು ದೇವದಾರು ವೃಕ್ಷದಲ್ಲಲ್ಲ, ನೆರಳನ್ನೂ ಕೊಡಲಾರದ ಪೊದೆಯಲ್ಲಿ. ಅದೂ ಅವನು ದಿನಾ ತಿರುಗಾಡುತ್ತಿದ್ದ ಒಣ ನೆಲದಲ್ಲಿ, ಕೆಲಸದ ಹೊತ್ತಿನಲ್ಲಿ.

ಪ್ರಿಯರೇ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಗುರುಗಳ ಬಳಿ ನಿಂತು ಜನ ಆಡುವ ಮಾತುಗಳಿವೆ. ಪಾಪನಿವೇದನೆಯ ಗುಟ್ಟುಗಳಲ್ಲ ಅವು. ಚಪ್ಪಲಿ ಹಾಕಿಕೊಳ್ಳುತ್ತ, ಕೊಡೆ ಬಿಚ್ಚುತ್ತ ಆಡುವ ಮಾತುಗಳು. “ಸ್ವಾಮಿ, ಜಪಸರ ಹಿಡಿದರೆ ನಿದ್ದೆ ಬರುತ್ತದೆ, ಮೊದಲಿನ ಭಕ್ತಿ ಎಲ್ಲಿ ಹೋಯಿತೋ.” “ಫಾದರ್, ಮಗ ಬೆಂಗಳೂರಿಗೆ ಹೋದ ಮೇಲೆ ದೇವಾಲಯಕ್ಕೆ ಕಾಲಿಟ್ಟಿಲ್ಲ. ಎಷ್ಟು ವರ್ಷ ಅಂತ ಪ್ರಾರ್ಥನೆ ಮಾಡಲಿ?” “ನಾವಿಬ್ಬರೂ ಈಗ ಮಾತಾಡುವುದು ಗ್ಯಾಸು ಮುಗಿದಾಗ, ಫೀಸು ಕಟ್ಟಬೇಕಾದಾಗ, ಅಷ್ಟೇ.” ಮೂರನೆಯ ಮಾತನ್ನು ಗಂಡಸರೇ ಹೆಚ್ಚಾಗಿ ಹೇಳುವುದನ್ನು ಕೇಳಿದ್ದೇನೆ. ಹೇಳಿ ನಕ್ಕುಬಿಡುತ್ತಾರೆ. ಆ ನಗೆಯ ಹಿಂದೆ ಏನಿದೆ ಎಂದು ಮದುವೆಯಾದವರಿಗೆ ವಿವರಿಸಬೇಕಾಗಿಲ್ಲ.

ಇಂಥವರಿಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರ, ಇನ್ನಷ್ಟು ಪ್ರಾರ್ಥನೆ ಮಾಡಿ ಎಂಬುದು. ತಪ್ಪು ಉತ್ತರವಲ್ಲ. ಆದರೆ ಕೇಳಿದವರಿಗೆ, ನನ್ನ ಪ್ರಾರ್ಥನೆ ಸಾಲದು ಎಂಬ ಇನ್ನೊಂದು ಭಾರವನ್ನು ಹೊರಿಸಿ ಕಳಿಸಿದಂತೆಯೂ ಆಗುತ್ತದೆ. ಶುಷ್ಕತೆ ಬಂದಿದೆ ಎಂದರೆ ದೇವರು ಹೊರಟುಹೋಗಿದ್ದಾರೆ, ಅದಕ್ಕೆ ನನ್ನ ಪಾಪವೇ ಕಾರಣ ಎಂಬ ತೀರ್ಮಾನಕ್ಕೆ ಭಕ್ತರು ಬಹಳ ಬೇಗ ಬಂದುಬಿಡುತ್ತಾರೆ. ಒಣಗಿದ ಗುಡ್ಡವನ್ನು ನೋಡಿ ಅಲ್ಲಿ ಜೀವವೇ ಇಲ್ಲ ಎಂದುಕೊಂಡಂತೆ ಇದು.

ಧಾತಕಿ ಬೇಸಿಗೆಯಲ್ಲೇ ಏಕೆ ಹೂ ಬಿಡುತ್ತದೆ? ಮಳೆಗಾಲದಲ್ಲಿ ಎಲೆಗಳು ದುಡಿದು ತಯಾರಿಸಿದ ಆಹಾರ ಬೇರಿನಲ್ಲಿ, ಕಾಂಡದಲ್ಲಿ ಕೂಡಿಟ್ಟಿರುತ್ತದೆ. ಬಿಸಿಲು ಏರಿದಂತೆ ಗಿಡ ಎಲೆಗಳನ್ನು ಉದುರಿಸಿ ನೀರಿನ ಖರ್ಚನ್ನು ಕಡಿಮೆ ಮಾಡುತ್ತದೆ. ಕೂಡಿಟ್ಟದ್ದರಿಂದ ಹೂ ಬಿಡುತ್ತದೆ. ಎಲೆಯ ಮರೆಯಿಲ್ಲದ ಕಾರಣ ಹಕ್ಕಿಗಳಿಗೂ ಜೇನಿಗೂ ಹೂವು ದೂರದಿಂದಲೇ ಕಾಣುತ್ತದೆ. ಈಗ ಹೂವಾದರೆ ತಾನೇ ಕಾಯಿ ಬಲಿತು, ಬೀಜ ಮುಂಗಾರಿನ ಮೊದಲ ಹನಿಗೆ ನೆಲದಲ್ಲಿ ಸಿದ್ಧವಾಗಿರುವುದು? ಮಳೆ ಬಂದ ಮೇಲೆ ಹೂ ಬಿಡುತ್ತೇನೆ ಎಂದು ಅದು ಕಾದಿದ್ದರೆ ಬೀಜಕ್ಕೆ ಕಾಲ ಸಿಕ್ಕುತ್ತಿರಲಿಲ್ಲ. ಬೆಂಕಿ ಬಿದ್ದು ಮೇಲಿನದೆಲ್ಲ ಹೋದರೂ ಬುಡದಿಂದ ಮತ್ತೆ ಚಿಗುರುವ ಶಕ್ತಿ ಈ ಗಿಡಕ್ಕಿದೆ. ಗುಡ್ಡದ ಮೇಲೆ ನಮಗೆ ಕಾಣದಿರುವ ಅರ್ಧ ಗಿಡವೇ ಕಾಣುವ ಅರ್ಧವನ್ನು ಸಾಕುತ್ತಿರುತ್ತದೆ.

ಪ್ರಾರ್ಥನೆಯ ಶುಷ್ಕತೆಯನ್ನು ಆವಿಲದ ಸಂತ ತೆರೇಸಮ್ಮನವರಷ್ಟು ಬಿಚ್ಚಿ ಬರೆದವರು ಕಡಿಮೆ. ಹದಿನೆಂಟು ವರ್ಷಗಳ ಕಾಲ, ಪರಮಪ್ರಸಾದ ಸ್ವೀಕರಿಸಿದ ಹೊತ್ತನ್ನು ಬಿಟ್ಟರೆ, ಕೈಯಲ್ಲಿ ಪುಸ್ತಕವಿಲ್ಲದೆ ಧ್ಯಾನಕ್ಕೆ ಕೂರಲು ತನಗೆ ಧೈರ್ಯವಿರಲಿಲ್ಲ ಎಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಎಷ್ಟೋ ಸಲ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ, ಗಡಿಯಾರ ಯಾವಾಗ ಬಡಿಯುತ್ತದೋ ಎಂದು ಕಾದಿದ್ದರಂತೆ! 1970ರಲ್ಲಿ ಧರ್ಮಸಭೆಯ ಪಂಡಿತರೆಂದು ಘೋಷಿತರಾದ ಮಹಾ ಸಂತರು ಇವರು. ಜಪಸರ ಹಿಡಿದು ಆಕಳಿಸುವ ನಮ್ಮ ಅಮ್ಮಂದಿರು ಸ್ವಲ್ಪ ಸಮಾಧಾನ ಪಡಬಹುದು. ಅದೇ ಪುಸ್ತಕದಲ್ಲಿ ಅವರು ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವ ನಾಲ್ಕು ಬಗೆಗಳಿಗೆ ಹೋಲಿಸುತ್ತಾರೆ: ಬಾವಿಯಿಂದ ಸೇದಿ ಹೊತ್ತು ಹಾಕುವುದು, ರಾಟೆಯಿಂದ ಎತ್ತುವುದು, ಹೊಳೆಯ ಕಾಲುವೆಯಿಂದ ಹಾಯಿಸುವುದು, ಮಳೆ ತಾನಾಗಿ ಸುರಿಯುವುದು. ಮೊದಲ ಬಗೆಯಲ್ಲಿ ಕೆಲವೊಮ್ಮೆ ಬಾವಿಯೇ ಬತ್ತಿರುತ್ತದೆ. ಆಗಲೂ ತೋಟದ ಒಡೆಯರು ಹೂಗಳನ್ನು ಕಾಪಾಡಬಲ್ಲರು ಎಂಬುದು ಅವರ ನಂಬಿಕೆ. ಕಲ್ಕತ್ತಾದ ಸಂತ ತೆರೇಸಮ್ಮನವರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಸುಮಾರು ಐವತ್ತು ವರ್ಷ ಅವರ ಅಂತರಂಗದಲ್ಲಿ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ ಎಂದು ತಿಳಿದು ಲೋಕವೇ ಬೆರಗಾಯಿತು. ಆ ಐವತ್ತು ವರ್ಷಗಳಲ್ಲಿ ರಸ್ತೆಬದಿಯಲ್ಲಿ ಬಿದ್ದಿದ್ದವರನ್ನು ಎತ್ತಿಕೊಂಡ ಕೈಗಳು ಅವರವೇ.

ಕುಟುಂಬಕ್ಕೂ ಈ ಮಾತು ಸಲ್ಲುತ್ತದೆ. ಮದುವೆಯಾದ ಹೊಸದರಲ್ಲಿ ಮಳೆಗಾಲ, ನಿಜ. ಹತ್ತು ಹದಿನೈದು ವರ್ಷ ಕಳೆದು ಸಾಲ, ಅತ್ತೆಮಾವಂದಿರ ಕಾಯಿಲೆ, ಮಕ್ಕಳ ಪರೀಕ್ಷೆ ಎಂದು ಬಿಸಿಲೇರುತ್ತದೆ. ಎಲೆ ಉದುರುತ್ತದೆ. ಹಾಸಿಗೆ ಹಿಡಿದ ಗಂಡನಿಗೆ ಬೆಳಿಗ್ಗೆ ಗಂಜಿ ಕುಡಿಸಿ, ಮೈ ಒರೆಸಿ, ಬಟ್ಟೆ ಬದಲಿಸಿ ಆಮೇಲೆ ಕೆಲಸಕ್ಕೆ ಹೋಗುವ ಹೆಂಗಸನ್ನು ಕೇಳಿ ನೋಡಿ, ಪ್ರೀತಿ ಉಂಟೇ ಎಂದು. ಅದನ್ನೆಲ್ಲ ಯೋಚಿಸಲು ಪುರಸೊತ್ತಿಲ್ಲ ಎನ್ನುತ್ತಾಳೆ. ಆ ಗಂಜಿಯ ಬಟ್ಟಲೇ ಧಾತಕಿಯ ಹೂವು ಎಂದು ಅವಳಿಗೆ ತಿಳಿದಿಲ್ಲದಿದ್ದರೆ ಪರವಾಗಿಲ್ಲ. ಗಿಡಕ್ಕೂ ತನ್ನ ಹೂ ಕಾಣಿಸುವುದಿಲ್ಲ.

ಇನ್ನೊಂದು ವಿಷಯ. ಧಾತಕಿಯಲ್ಲಿ ನಾವು ಕೆಂಪು ಹೂವು ಎಂದು ಮೆಚ್ಚುವುದು ನಿಜವಾಗಿ ದಳಗಳನ್ನಲ್ಲ. ದಳಗಳು ಆರಿದ್ದರೂ ಬಹಳ ಸಣ್ಣವು, ಹುಡುಕಿ ನೋಡಬೇಕು. ಕೆಂಪಗೆ ಕಾಣುವುದು ಹೊರಗಿನ ಕೊಳವೆಯಂಥ ಪುಷ್ಪಪಾತ್ರೆ. ಬೇರೆ ಎಷ್ಟೋ ಹೂಗಳಲ್ಲಿ ದಳ ಬಾಡಿ ಬಿದ್ದರೆ ಅಂದವೂ ಬಿದ್ದಂತೆ. ಇಲ್ಲಿ ಹೂವಿನ ಕಾಲ ಮುಗಿದ ಮೇಲೂ ಆ ಪಾತ್ರೆ ಉದುರುವುದಿಲ್ಲ. ಒಳಗೆ ಬೆಳೆಯುವ ಕಾಯನ್ನು ಸುತ್ತಿಕೊಂಡೇ ಇರುತ್ತದೆ, ಬೀಜ ಬಲಿಯುವ ತನಕ. ನಮ್ಮ ಅಜ್ಜ ಅಜ್ಜಿಯರನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಸಂಜೆಯ ಪ್ರಾರ್ಥನೆಗೆ ಟಿ.ವಿ. ಆರಿಸಿ ಮೊಮ್ಮಕ್ಕಳನ್ನು ಕೂರಿಸುವವರು ಎಷ್ಟು ಮನೆಗಳಲ್ಲಿ ಅವರೇ ಅಲ್ಲವೇ? ಮಗನೂ ಸೊಸೆಯೂ ಮೊಬೈಲ್ ಹಿಡಿದು ಕೂತಿದ್ದರೂ ಆ ಮುದುಕಿಯ ನಡುಗುವ ದನಿ “ನಮೋ ಮರಿಯಾ” ಎಂದು ಶುರುಮಾಡುತ್ತದೆ.

ಮನೆಯ ಹೆಂಗಸರಿಗೆ ಧಾತಕಿಯ ಪರಿಚಯ ಅವರಿಗೇ ತಿಳಿಯದಂತೆ ಆಗಿರುತ್ತದೆ. ಬಾಣಂತಿಯರಿಗೆ ಕೊಡುವ ದಶಮೂಲಾರಿಷ್ಟ, ಹೆಂಗಸರ ಔಷಧಿಯೆಂದು ಹೆಸರಾದ ಅಶೋಕಾರಿಷ್ಟ, ಇವುಗಳಲ್ಲೆಲ್ಲ ಧಾತಕಿಯ ಒಣ ಹೂವು ಬೀಳುತ್ತದೆ. ಬೇರು ತೊಗಟೆಗಳ ಕಷಾಯಕ್ಕೆ ಬೆಲ್ಲ ಸೇರಿಸಿ, ಈ ಹೂ ಹಾಕಿ, ಪಾತ್ರೆಯ ಬಾಯನ್ನು ಭದ್ರವಾಗಿ ಮುಚ್ಚಿ ಸುಮಾರು ಒಂದು ತಿಂಗಳು ಇಡುತ್ತಾರೆ. ಹೂವಿನ ಮಕರಂದಕ್ಕೆ ಅಂಟಿಕೊಂಡಿರುವ ಕಣ್ಣಿಗೆ ಕಾಣದ ಯೀಸ್ಟ್ ಆ ಕಷಾಯವನ್ನು ಹುದುಗಿಸುತ್ತದೆ. ಒಣಗಿಸಿ ಚೀಲದಲ್ಲಿ ಕಟ್ಟಿಟ್ಟ ಹೂವಿನಲ್ಲೂ ಆ ಜೀವ ಉಳಿದಿರುತ್ತದೆ ನೋಡಿ! ಮೂರು ಸೇರು ಹಿಟ್ಟಿನಲ್ಲಿ ಒಬ್ಬ ಹೆಂಗಸು ಬೆರೆಸಿಟ್ಟ ಹುಳಿಯ ಸಾಮತಿಯನ್ನು ಹೇಳಿದ ಯೇಸುಸ್ವಾಮಿ ನಮ್ಮ ಊರಿನಲ್ಲಿ ಹುಟ್ಟಿದ್ದರೆ ಅರಿಷ್ಟದ ಪಾತ್ರೆಯ ಸಾಮತಿಯನ್ನೂ ಹೇಳುತ್ತಿದ್ದರೋ ಏನೋ. ದಿನಾ ಮುಚ್ಚಳ ತೆಗೆದು ಇಣುಕುವವರಿಗೆ ಅರಿಷ್ಟ ಕೂಡುವುದಿಲ್ಲ. ಮಗ ಈ ಭಾನುವಾರ ದೇವಾಲಯಕ್ಕೆ ಹೋದನೇ ಎಂದು ವಾರ ವಾರವೂ ಫೋನು ಮಾಡಿ ವಿಚಾರಿಸುವ ತಾಯಂದಿರು ಸ್ವಲ್ಪ ಯೋಚಿಸಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದೆ ಹೋದರೆ ಈ ಪ್ರಬೋಧನೆಯಿಂದ ಕೆಡುಕೇ ಆದೀತು.

ಇದನ್ನು ಓದುತ್ತಿರುವ ಸಹೋದರಿಯರಲ್ಲಿ ಕೆಲವರ ಮನೆಯಲ್ಲಿ ಇರುವುದು ಬರಗಾಲವಲ್ಲ, ಹೊಡೆತ. ಗಂಡ ಕುಡಿದು ಬಂದು ಕೈ ಎತ್ತುತ್ತಾನೆ. ಮಕ್ಕಳು ಮಂಚದ ಕೆಳಗೆ ಅಡಗಿಕೊಳ್ಳುತ್ತಾರೆ. ಇವರು ಈ ಲೇಖನ ಓದಿ, ನಾನೂ ಧಾತಕಿಯಂತೆ ಸಹಿಸಿಕೊಂಡು ಹೂ ಬಿಡಬೇಕು ಎಂದು ತಿಳಿದರೆ, ನಾನು ಹೇಳಹೊರಟದ್ದಕ್ಕೆ ಪೂರಾ ವಿರುದ್ಧವಾಗುತ್ತದೆ. ಬೇಸಿಗೆಯ ಬಿಸಿಲು ಬೇರೆ. ಬುಡಕ್ಕೆ ಕೊಳ್ಳಿ ಇಡುವ ಕೈ ಬೇರೆ. “ಅದು ನಿನ್ನ ಶಿಲುಬೆಯಮ್ಮ, ಹೊತ್ತುಕೋ” ಎಂಬ ಮಾತನ್ನು ತವರಿನವರೂ ನೆರೆಯವರೂ, ಕೆಲವೊಮ್ಮೆ ನಾವು ಗುರುಗಳೂ, ಬಹಳ ಸುಲಭವಾಗಿ ಆಡಿಬಿಡುತ್ತೇವೆ.

ವಿಮೋಚನಕಾಂಡವನ್ನು ಇನ್ನೊಮ್ಮೆ ತೆರೆಯಿರಿ. ಪೊದೆಯಲ್ಲಿ ಬೆಂಕಿ ಇತ್ತು, ಪೊದೆ ಸುಟ್ಟುಹೋಗಲಿಲ್ಲ. ದೇವರ ಬೆಂಕಿಯ ಗುರುತೇ ಅದು. ಅದು ಇರುವ ಕಡೆ ಬೆಳಕಿರುತ್ತದೆ, ಆದರೆ ತಾನು ನೆಲೆಸಿದ್ದನ್ನು ಅದು ಬೂದಿ ಮಾಡುವುದಿಲ್ಲ. ನಾಲ್ಕನೆಯ ಶತಮಾನದ ನಿಸ್ಸಾದ ಸಂತ ಗ್ರೆಗೊರಿಯವರು ಈ ಪೊದೆಯಲ್ಲಿ ಮಾತೆ ಮರಿಯಮ್ಮನವರನ್ನು ಕಂಡದ್ದು ಇದೇ ಕಾರಣಕ್ಕೆ: ದೈವತ್ವವನ್ನು ಗರ್ಭದಲ್ಲಿ ಧರಿಸಿದರೂ ಅವರ ಕನ್ಯತ್ವಕ್ಕೆ ಊನ ಬರಲಿಲ್ಲ. ಹಾಗಾದರೆ ಒಬ್ಬ ಹೆಂಗಸನ್ನು ದಿನದಿನಕ್ಕೆ ಸುಟ್ಟು ಬೂದಿ ಮಾಡುತ್ತಿರುವ ಬೆಂಕಿ ಎಲ್ಲಿಂದ ಬಂದದ್ದು? ಅದಕ್ಕೆ ದೇವರ ಹೆಸರನ್ನು ಹೇಗೆ ಇಡುತ್ತೀರಿ?

ಆ ಪೊದೆಯೊಳಗಿಂದ ಸರ್ವೇಶ್ವರಸ್ವಾಮಿ ಏನು ಹೇಳಿದರು ಎಂಬುದೂ ಮುಖ್ಯ. ಈಜಿಪ್ಟಿನಲ್ಲಿ ಏಟು ತಿನ್ನುತ್ತಿದ್ದ ಜನರಿಗೆ ಇನ್ನಷ್ಟು ತಾಳ್ಮೆ ಕಲಿಸು ಎಂದು ಅವರು ಮೋಶೆಯನ್ನು ಕಳಿಸಲಿಲ್ಲ. ಅವರ ಕಷ್ಟವನ್ನು ಕಣ್ಣಾರೆ ಕಂಡಿದ್ದೇನೆ, ಅವರ ಗೋಳು ಕಿವಿಗೆ ಬಿದ್ದಿದೆ, ಅವರನ್ನು ಬಿಡಿಸಲು ಇಳಿದುಬಂದಿದ್ದೇನೆ ಎಂಬುದೇ ಆ ಸಂದೇಶದ ಸಾರ. ನೋಡಿದರು, ಕೇಳಿದರು, ಇಳಿದುಬಂದರು. ನೆರೆಮನೆಯಿಂದ ರಾತ್ರಿ ಕೂಗು ಕೇಳಿದಾಗ ಕಿಟಕಿ ಮುಚ್ಚಿ ಮಲಗುವ ನಮಗೆ ಈ ಮೂರು ಕ್ರಿಯೆಗಳು ಸಾಕಷ್ಟು ಕೆಲಸ ಕೊಡುತ್ತವೆ.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ, ಅಷ್ಟೇ. 1983ರ ಧರ್ಮಸಭಾ ಕಾನೂನು ಸಂಹಿತೆಯ 1153ನೆಯ ನಿಯಮದ ಪ್ರಕಾರ, ಪತಿ ಪತ್ನಿಯರಲ್ಲಿ ಒಬ್ಬರಿಂದ ಇನ್ನೊಬ್ಬರ ಅಥವಾ ಮಕ್ಕಳ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ, ಬೇರೆಯಾಗಿ ವಾಸಿಸಲು ನ್ಯಾಯವಾದ ಕಾರಣವಿದೆ. ಸಾಮಾನ್ಯವಾಗಿ ಧರ್ಮಾಧ್ಯಕ್ಷರ ಅನುಮತಿ ಬೇಕು. ತಡಮಾಡಿದರೆ ಅಪಾಯವೆಂದಾದರೆ ತಾನಾಗಿಯೇ ಹೊರಡಬಹುದು. ಕಾರಣ ನೀಗಿದಾಗ ಮತ್ತೆ ಒಂದಾಗಬೇಕೆಂಬುದೂ ಅಲ್ಲಿದೆ, ಅದನ್ನು ಮರೆಮಾಚಬೇಕಾಗಿಲ್ಲ. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬ ಪ್ರೀತಿಯ ಬಗ್ಗೆ ಬರೆದ ‘ಅಮೋರಿಸ್ ಲೆತೀಸಿಯಾ’ ಪ್ರೇಷಿತ ಪ್ರಬೋಧನೆಯ 241ನೆಯ ಪರಿಚ್ಛೇದದಲ್ಲಿ ಇನ್ನೂ ಮುಂದೆ ಹೋಗಿ, ದುರ್ಬಲ ಸಂಗಾತಿಯನ್ನೋ ಎಳೆಯ ಮಕ್ಕಳನ್ನೋ ಹಿಂಸೆಯಿಂದ ಪಾರುಮಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೂ ಅಗತ್ಯವಾಗಬಹುದು ಎಂದಿದ್ದಾರೆ. ದೇಶದ ಕಾನೂನೂ ಇದೆ: ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಇದನ್ನು ಕುಟುಂಬದ ಪುಟದಲ್ಲಿ ಅಚ್ಚು ಮಾಡಬೇಕೇ ಎಂದು ಕೇಳುವವರಿದ್ದಾರೆ. ಇದನ್ನು ಇನ್ನೆಲ್ಲಿ ಅಚ್ಚು ಮಾಡೋಣ?

ಪೊದೆಯ ಹತ್ತಿರ ಬಂದ ಮೋಶೆಗೆ ಸಿಕ್ಕ ಅಪ್ಪಣೆ, ಕಾಲಿನ ಕೆರ ಬಿಚ್ಚು ಎಂಬುದು. ನೊಂದವರ ಮನೆಗೆ ಹೋಗುವ ಬಂಧುಗಳು, ಧರ್ಮಕೇಂದ್ರದ ಹಿರಿಯರು, ಸಂತ ವಿನ್ಸೆಂಟ್ ಪೌಲರ ಸಭೆಯವರು ಇದನ್ನು ನೆನೆಯಬೇಕು. ಬಾಗಿಲಲ್ಲಿ ಚಪ್ಪಲಿ ಬಿಡುವುದು ನಮಗೆ ರೂಢಿಯೇ. ಜೊತೆಗೆ ನಮ್ಮ ತೀರ್ಪುಗಳನ್ನೂ ಅಲ್ಲೇ ಬಿಟ್ಟು ಒಳಗೆ ಹೋಗಿ ಕುಳಿತು ಕೇಳಬೇಕು. ಉಪದೇಶಕ್ಕೆ ಅವಸರವಿಲ್ಲ. ಅಲ್ಲಿಂದ ಮೋಶೆ ನೆಟ್ಟಗೆ ಫರೋಹನ ಅರಮನೆಗೆ ಹೋದ ಎಂದು ನಾವು ತಿಳಿದಿರುತ್ತೇವೆ. ಇಲ್ಲ, ನಾಲ್ಕನೆಯ ಅಧ್ಯಾಯದಲ್ಲಿ ನೋಡಿ, ಮೊದಲು ಮಾವ ಇತ್ರೋನ ಮನೆಗೆ ಹೋಗಿ ಅಪ್ಪಣೆ ಕೇಳಿದ, ಆಮೇಲೆ ಹೆಂಡತಿ ಮಕ್ಕಳನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಹೊರಟ. ದೇವರ ಕರೆ ಬಂತೆಂದು ಮನೆಯವರನ್ನು ದಾಟಿ ಹೋಗಲಿಲ್ಲ. ಧರ್ಮಕೇಂದ್ರದ ಎಲ್ಲ ಸಭೆಗಳಲ್ಲೂ ಮುಂದಿದ್ದು ಮನೆಯಲ್ಲಿ ಮುಖವನ್ನೇ ತೋರಿಸದ ನಮ್ಮ ಕೆಲವು ಮುಖಂಡರು ಈ ಕತ್ತೆಯ ಪ್ರಸಂಗವನ್ನು ಓದುವುದು ಒಳ್ಳೆಯದು.

ಈಗ ಅಂಜೂರದ ಮರ. ಧಾತಕಿಗೆ ಯಾರೂ ನೀರೆರೆಯುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಆದರೆ ಎಲ್ಲ ಗಿಡಗಳೂ ಧಾತಕಿಯಲ್ಲ, ಎಲ್ಲ ಮನೆಗಳೂ ಹಾಗಲ್ಲ. ಕೆಲವು ಮನೆಗಳಿಗೆ ಬೇರಿನ ಸುತ್ತ ಅಗೆಯುವ ಕೈ ಬೇಕು. ಸಾಮತಿಯ ಯಜಮಾನ ಕಡಿದುಹಾಕು ಎಂದಾಗ ತೋಟಗಾರ ಇನ್ನೊಂದು ವರ್ಷದ ಗಡುವು ಕೇಳಿದ. ಸುಮ್ಮನೆ ಬಿಟ್ಟುಬಿಡಿ ಎನ್ನಲಿಲ್ಲ. ಸುತ್ತ ಅಗೆದು ಗೊಬ್ಬರ ಹಾಕುವ ಕೆಲಸವನ್ನು ತನ್ನ ಮೈಮೇಲೆ ಹಾಕಿಕೊಂಡ. ಗೊಬ್ಬರವೆಂದರೆ ವಾಸನೆಯ ಕೆಲಸ. ಗಂಡ ಹೆಂಡಿರು ಮಾತಾಡದೆ ವರ್ಷಗಳಾಗಿರುವ ಮನೆಯಲ್ಲಿ ಒಂದು ಸಂಜೆ ಗ್ಯಾಸು, ಫೀಸು ಬಿಟ್ಟು ಮೂರನೆಯ ವಿಷಯವೊಂದನ್ನು ಎತ್ತುವುದೂ ಅಗೆಯುವ ಕೆಲಸವೇ. ಮೊದಲ ದಿನ ಗುದ್ದಲಿಗೆ ಕಲ್ಲೇ ಸಿಗುತ್ತದೆ. ಕುಡಿತ ಬಿಡಿಸುವ ಚಿಕಿತ್ಸೆಗೆ ಅಣ್ಣನನ್ನು ಕರೆದುಕೊಂಡು ಹೋಗಲು ತಮ್ಮ ಒಂದು ದಿನದ ಸಂಬಳ ಬಿಡುವುದು, ಹಾಸಿಗೆ ಹಿಡಿದವರ ಬಳಿ ಒಂದು ಮಧ್ಯಾಹ್ನ ಕುಳಿತು ಆ ಮನೆಯ ಹೆಂಗಸನ್ನು ನಿದ್ದೆ ಮಾಡಲು ಕಳಿಸುವುದು, ಬೆಂಗಳೂರಿನ ಮಗನಿಗೆ ದೇವಾಲಯದ ಮಾತೆತ್ತದೆ ಊಟವಾಯಿತೇ ಎಂದಷ್ಟೇ ಕೇಳುವುದು, ಇವೆಲ್ಲ ಈ ತಪಸ್ಸುಕಾಲದ ಉಪವಾಸಕ್ಕೆ ಸೇರಿಸಬಹುದಾದವು. ಮಾಂಸ ಬಿಡುವುದಕ್ಕಿಂತ ಇವು ಕಷ್ಟ, ನನಗೆ ಗೊತ್ತು.

ಮುಂದಿನ ವರ್ಷ ಆ ಅಂಜೂರ ಹಣ್ಣು ಬಿಟ್ಟಿತೇ? ಯೇಸುಸ್ವಾಮಿ ಹೇಳಲಿಲ್ಲ. ಯಜಮಾನ ಏನು ಉತ್ತರ ಕೊಟ್ಟನೆಂಬುದೂ ಶುಭಸಂದೇಶದಲ್ಲಿಲ್ಲ. ತೋಟಗಾರ ಅಷ್ಟರಲ್ಲಿ ಗುದ್ದಲಿ ತರಲು ಹೋಗಿದ್ದಿರಬೇಕು.